ಅಜ್ಜಿಯ ಸಂಚಿ ಮತ್ತು ವಿಮಾನದ ಪೆಟ್ಟಿಗೆ



ನಮ್ಮ ತಿಪಟೂರು ಸೀಮೆಯವರು ಬಸ್ಸಿಗೆ, ರೈಲಿಗೆ ಹೋಗುವಾಗ ಬೇಕಾದಷ್ಟು ಗಂಟು ಕಟ್ಟಿಕೊಂಡು ಹೋಗುತ್ತಾರೆ. ವಿಮಾನಕ್ಕೆ ಹಾಗೆ ಆಗುವುದಿಲ್ಲ. ಇದು ನನಗೆ ಗೊತ್ತಾದದ್ದು ಕಳೆದ ತಿಂಗಳು ನಮ್ಮಜ್ಜಿ ದುಬೈಗೆ ಹೊರಟಾಗ. ಅಲ್ಲಿ ನಮ್ಮ ಅತ್ತೆಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆ ಅಜ್ಜಿ ಹೋಗಬೇಕಿತ್ತು. ಮಾವ ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಬರೆದುಕೊಂಡೆ. ಆಮೇಲೆ ನಡುಮನೆಯಲ್ಲಿ ಸಾಮಾನನ್ನು ಮೂರು ಗುಡ್ಡೆ ಮಾಡಿದೆವು.

1. ಮನೆಯಲ್ಲೇ ಬಿಡುವುದು

ಬಾಣಂತಿಗೆ ಕೊಬ್ಬರಿ-ಬೆಲ್ಲ ಕೊಡಬೇಕೆಂದು ಅಜ್ಜಿ ಅಟ್ಟದಿಂದ 20 ಕೊಬ್ಬರಿ ಇಳಿಸಿದ್ದಳು. ಆದರೆ ಕೊಬ್ಬರಿಯಲ್ಲಿ ನೂರಕ್ಕೆ 60 ಭಾಗಕ್ಕಿಂತ ಹೆಚ್ಚು ಎಣ್ಣೆ ಇದೆ. ಒತ್ತಾಗಿ ತುಂಬಿಟ್ಟರೆ ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಆದ್ದರಿಂದ ಅಪಾಯಕಾರಿ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಯೂ ಇದೆ. ಅದರ ಸಂಖ್ಯೆ 1363.

“ನಮ್ ತೋಟದ ಕೊಬ್ಬರಿ ಏನು ಪಟಾಕಿಯೇನ್ಲಾ?” ಎಂದು ಅಜ್ಜಿ ಸಿಟ್ಟಾದಳು. ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಪಕ್ಕದ ಮನೆಯ ದೊಡ್ಡಮ್ಮ ದುಬೈಯಲ್ಲಿರುವ ಮಗನಿಗೆ ಕೊಡಿ ಎಂದು ಹೊಲಿದ ಪೊಟ್ಟಣ ಕೊಟ್ಟಿದ್ದರು. “ಬಿಚ್ಚಿದ್ರೆ ಬೇಜಾರ್ ಮಾಡ್ಕೋತಾರೆ” ಎಂದಳು ಅಜ್ಜಿ. ಅಪ್ಪ ದೊಡ್ಡಮ್ಮನನ್ನೇ ಕರೆದು ಅವರ ಎದುರಿಗೇ ಬಿಚ್ಚಿಸಿದರು. ಒಳಗೆ ಗಸಗಸೆ! ಅಫೀಮು ಬರುವ ಗಿಡದ ಬೀಜವೇ ಗಸಗಸೆ. ನಮಗೆ ಅದು ಪಾಯಸದ ಸಾಮಾನು. ದುಬೈ ಇರುವ ದೇಶದಲ್ಲಿ ಅದಕ್ಕೆ ನಿಷೇಧವಿದೆ, ಸಿಕ್ಕಿದರೆ ಜೈಲಿಗೂ ಹಾಕಬಹುದು. ದೊಡ್ಡಮ್ಮನಿಗೆ ಅಳುವೇ ಬಂತು. ಅವರಿಗೂ ಗೊತ್ತಿರಲಿಲ್ಲ. ಯಾರು ಏನೇ ಕೊಟ್ಟರೂ ನೋಡದೆ ಪೆಟ್ಟಿಗೆಗೆ ಹಾಕಬಾರದು.

ಅಜ್ಜಿಯ ವೀಳ್ಯದೆಲೆಗೂ ಅಲ್ಲಿ ನಿಷೇಧ. ಬೆಂಕಿಪೊಟ್ಟಣವನ್ನೂ ಬಿಟ್ಟೆವು.

2. ದೊಡ್ಡ ಪೆಟ್ಟಿಗೆ

ಇದು ವಿಮಾನದ ಹೊಟ್ಟೆಯೊಳಗೆ ಹೋಗುತ್ತದೆ. ಸೀರೆ, ಮಗುವಿನ ಬಟ್ಟೆ, ಕತ್ತರಿ, ಖಾರದ ಪುಡಿ, ಭದ್ರವಾಗಿ ಕಟ್ಟಿದ ಉಪ್ಪಿನಕಾಯಿ ಇದರಲ್ಲಿ. ತೂಕ ಟಿಕೆಟ್ಟಿನಲ್ಲಿ ಬರೆದಷ್ಟೇ ಇರಬೇಕು. ನಾವು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು.

3. ಕೈಚೀಲ

ಪಾಸ್‌ಪೋರ್ಟು, ಟಿಕೆಟ್ಟು, ಅಜ್ಜಿಯ ಸಕ್ಕರೆ ಕಾಯಿಲೆಯ ಇನ್ಸುಲಿನ್, ಡಾಕ್ಟರ ಚೀಟಿ ಇದರಲ್ಲಿ. ದೊಡ್ಡ ಪೆಟ್ಟಿಗೆ ಒಮ್ಮೊಮ್ಮೆ ಬೇರೆ ಊರಿಗೆ ಹೋಗಿಬಿಡುತ್ತದೆ, ಆಗ ಇನ್ಸುಲಿನ್ ಇಲ್ಲದೆ ಅಜ್ಜಿಯ ಗತಿ ಏನು? ಎಣ್ಣೆ, ಶಾಂಪೂ ಮುಂತಾದ ದ್ರವಗಳ ಬಾಟಲಿ 100 ಮಿ.ಲೀ. ದಾಟಬಾರದು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅದರ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಹತ್ತಿರದಲ್ಲಿ ಜನ ಇದ್ದಾಗ ಬೇಗ ಆರಿಸಬಹುದು. 20,000 ಎಂಎಎಚ್ ಇದ್ದರೆ 3.7 ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿ. 74 ವ್ಯಾಟ್-ಗಂಟೆ ಬರುತ್ತದೆ. 100ರವರೆಗೆ ತೊಂದರೆಯಿಲ್ಲ. ಅದು ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಎಲ್ಲಕ್ಕಿಂತ ದೊಡ್ಡ ಮಾತು

2024ರ ಜನವರಿ 2ರಂದು ಜಪಾನಿನ ಟೋಕಿಯೋದ ಹನೇಡ ನಿಲ್ದಾಣದಲ್ಲಿ ಎರಡು ವಿಮಾನ ಡಿಕ್ಕಿಯಾದವು. ಚಿಕ್ಕ ವಿಮಾನದಲ್ಲಿದ್ದ 5 ಜನ ತೀರಿಕೊಂಡರು. ದೊಡ್ಡ ವಿಮಾನ ಪೂರ್ತಿ ಸುಟ್ಟುಹೋಯಿತು, ಆದರೆ ಅದರಲ್ಲಿದ್ದ 379 ಜನರೂ ಸಾಮಾನು ಬಿಟ್ಟು ಇಳಿದು ಬದುಕಿಕೊಂಡರು. ಇದನ್ನು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಸುಮ್ಮನೆ ಕೂತು ಕೇಳಿದಳು. ಆಮೇಲೆ ಸೊಂಟದ ಎಲೆಅಡಿಕೆ ಸಂಚಿಯನ್ನು ಕೊಡವಿ ಖಾಲಿ ಮಾಡಿ, ಪಾಸ್‌ಪೋರ್ಟು, ಇನ್ಸುಲಿನ್ ಅದಕ್ಕೇ ಹಾಕಿಕೊಂಡಳು. “ಇದೊಂದ್ ಇದ್ರೆ ಸಾಕು. ಮಿಕ್ಕಿದ್ದು ಹೋದ್ರೆ ಹೋಗ್ಲಿ, ಮಗೀನ ಮುಖ ನೋಡಿದ್ರೆ ಆಯ್ತು” ಎಂದಳು.

ವಿಮಾನ ಹೊರಡುವ 3 ಗಂಟೆ ಮುಂಚೆಯೇ ದೇವನಹಳ್ಳಿಯ ನಿಲ್ದಾಣ ತಲುಪಿದೆವು. ಅಜ್ಜಿಯ ಪೆಟ್ಟಿಗೆಯಿಂದ ಒಂದು ವಸ್ತುವನ್ನೂ ತೆಗೆಸಲಿಲ್ಲ. ಮಗುವಿಗೆ ಮೊದಲ ನೀರು ಹಾಕಿದ್ದು ನಮ್ಮಜ್ಜಿಯೇ.

ಲೆಕ್ಕ ಮಾಡಿ: 30,000 ಎಂಎಎಚ್ ಪವರ್ ಬ್ಯಾಂಕನ್ನು ಕೇಳದೆ ಒಯ್ಯಬಹುದೇ? ಉತ್ತರವನ್ನು ಗಣಿತದ ಮೇಷ್ಟ್ರಿಗೆ ತೋರಿಸಿ.

— 7ನೇ ತರಗತಿ ವಿದ್ಯಾರ್ಥಿ