ಯಾಜಕಕಾಂಡದಲ್ಲೇ ನಿಂತುಬಿಡುತ್ತೇನೆ

*ಹೂವಿನಹಡಗಲಿ ಹತ್ತಿರದ ಊರಿನವಳು. ನಸುಕಿನಲ್ಲೇ ಮಲ್ಲಿಗೆ ಬಿಡಿಸಲು ಹೋಗುತ್ತೇನೆ. ಪ್ರತಿ ಹೊಸವರ್ಷ ಬೈಬಲನ್ನು ಆದಿಕಾಂಡದಿಂದ ಶುರುಮಾಡಿ ಯಾಜಕಕಾಂಡಕ್ಕೆ ನಿಲ್ಲಿಸುತ್ತೇನೆ. ಓದು ಬಿಟ್ಟಾಗಲೆಲ್ಲ ದೇವರು ಶಿಕ್ಷಿಸುತ್ತಾನೆಂಬ ಭಯ. ಏನು ಮಾಡಲಿ?*

ತಂಗೀ, ಮೊದಲ ಪುಟದಿಂದಲೇ ಓದಬೇಕೆಂಬ ನಿಯಮವಿಲ್ಲ. ಬೈಬಲ್ ಒಂದೇ ಪುಸ್ತಕವಲ್ಲ. ಪ್ರಾಟೆಸ್ಟಂಟರಲ್ಲಿ 66, ಕಥೋಲಿಕರಲ್ಲಿ 73 ಪುಸ್ತಕಗಳ ಸಂಗ್ರಹ. ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ಇರುವುದೇ 16 ಅಧ್ಯಾಯ, ಘಟನೆಗಳು ಬೇಗ ಸಾಗುತ್ತವೆ. ಆಮೇಲೆ ಲೂಕ, ಅದರ ಬೆನ್ನಿಗೆ ಅಪೊಸ್ತಲರ ಕೃತ್ಯಗಳು. ಅಲ್ಲಿಂದ ಆದಿಕಾಂಡಕ್ಕೆ ಮರಳಿದರೆ ಯಾಜಕಕಾಂಡ ಇಷ್ಟು ಕಠಿಣ ಎನಿಸದು.

ನಸುಕಿನಲ್ಲಿ ಕೆಲಸವಿರುವ ನಿಮಗೆ ಸಂಜೆಯೇ ಸರಿಯಾದ ಹೊತ್ತು. ಒಂದು ಭಾಗವನ್ನು ಗಟ್ಟಿಯಾಗಿ ಎರಡು ಸಲ ಓದಿ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೇ ವಚನವನ್ನು ಕಿತ್ತುಕೊಂಡು ಭವಿಷ್ಯ ನೋಡಬೇಡಿ. ಹಿಂದಿನ ಮುಂದಿನ ಸಾಲು ಬಿಟ್ಟರೆ ಅರ್ಥವೇ ತಿರುಗುತ್ತದೆ. ಹಳೆಯ ಕನ್ನಡ ತೊಡಕಾದರೆ ಸರಳ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೊಬೈಲಿನಲ್ಲೂ ಉಚಿತವಾಗಿ ಸಿಗುತ್ತದೆ. ಅಂದಹಾಗೆ, ಪೂರ್ಣ ಕನ್ನಡ ಬೈಬಲ್ 1831ರಲ್ಲಿ ಅಚ್ಚಾದದ್ದು ನಿಮ್ಮ ಹಳೆಯ ಜಿಲ್ಲಾಕೇಂದ್ರ ಬಳ್ಳಾರಿಯಲ್ಲೇ. ಅಂದಿನಿಂದ ಭಾಷೆ ಬಹಳ ಬದಲಾಗಿದೆ, ತೊಡಕು ನಿಮ್ಮ ದಡ್ಡತನವಲ್ಲ.

ತಿಳಿಯದ್ದಕ್ಕೆ ಗುರುತು ಹಾಕಿ, ಭಾನುವಾರ ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆ ಓದುವ ಗೆಳತಿಯರಿದ್ದರೆ ವಾರಕ್ಕೊಮ್ಮೆ ಫೋನಿನಲ್ಲಿ ಅದೇ ಅಧ್ಯಾಯ ಚರ್ಚಿಸಿ.

ಶಿಕ್ಷೆಯ ಭಯವನ್ನು ಮಾತ್ರ ಹಗುರಾಗಿ ಕಾಣಲಾರೆ. ಅದು ನಿದ್ದೆ, ಊಟ ಕೆಡಿಸುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಮನೋವೈದ್ಯರ ಸಲಹೆಯೂ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.