ಆಂಜಿಯೋಗ್ರಾಮ್ ನಾರ್ಮಲ್ ಬಂದ ಮೇಲೂ

ಧನಗೆರೆ, ಸತ್ತೇಗಾಲದ ಕಡೆಯ ಅಕ್ಕತಂಗಿಯರೇ, ಈ ಮಾತು ಹೆಚ್ಚಾಗಿ ನಿಮಗೇ. ನಾಟಿ ಹಾಕುವಾಗ, ನೀರು ಹೊರುವಾಗ ಎದೆ ಹಿಡಿದಂತಾಗುತ್ತದೆ, ಏದುಸಿರು ಬರುತ್ತದೆ. ಮೈಸೂರಿಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಿದರೆ ಬ್ಲಾಕ್ ಇಲ್ಲ. ‘ಗ್ಯಾಸ್ಟ್ರಿಕ್ ಇರಬೇಕು ಬಿಡು’ ಅನ್ನುತ್ತಾರೆ ಮನೆಯವರು.

ಹಾಗೆ ಬಿಡಬೇಡಿ. ಆಂಜಿಯೋಗ್ರಾಮ್‌ನಲ್ಲಿ ಕಾಣುವುದು ಹೃದಯದ ದೊಡ್ಡ ರಕ್ತನಾಳಗಳು. ಅರ್ಧ ಮಿಲಿಮೀಟರ್‌ಗಿಂತ ಸಣ್ಣವು ಅದರ ಕಣ್ಣಿಗೆ ಬೀಳುವುದಿಲ್ಲ. ನಾಲೆ ತುಂಬಿ ಹರಿದರೂ ಕಿರುಗಾಲುವೆ ಕಟ್ಟಿಕೊಂಡರೆ ಗದ್ದೆ ಒಣಗುವುದು ನಿಮಗೆ ಗೊತ್ತೇ ಇದೆ. ದುಡಿಯುವಾಗ ಹಿಗ್ಗಬೇಕಾದ ಈ ಸಣ್ಣ ನಾಳಗಳು ಹಿಗ್ಗದಿದ್ದರೆ, ಇಲ್ಲವೇ ಸೆಟೆದುಕೊಂಡರೆ, ಹೃದಯದ ಸ್ನಾಯುವಿಗೆ ರಕ್ತ ಸಾಲದು. ಮುಟ್ಟು ನಿಂತ ಹೆಂಗಸರಲ್ಲಿ, ಬಿಪಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬೀಡಿ ಸೇದುವವರಲ್ಲಿ ಇದು ಹೆಚ್ಚು.

ಸಕ್ಕರೆ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಇಂಥವೇ ಸಣ್ಣ ನಾಳಗಳು ಕಣ್ಣಿನ ಅಕ್ಷಿಪಟಲದಲ್ಲೂ ಮೂತ್ರಪಿಂಡದಲ್ಲೂ ಇವೆ. ಅವು ಹಾಳಾಗುವಾಗ ನೋವೇ ಇರುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗ ತೋರಿಸಿ. ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ.

ರಿಪೋರ್ಟ್ ಚೆನ್ನಾಗಿದ್ದೂ ನೋವು ಮರುಕಳಿಸಿದರೆ ‘ಸಣ್ಣ ರಕ್ತನಾಳದ ತೊಂದರೆ ಇರಬಹುದಾ ಸಾರ್?’ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ. ಇದಕ್ಕೆ ಮಾತ್ರೆಗಳಿವೆ, ನೋವು ಇಳಿಯಿತೆಂದು ನೀವಾಗಿ ನಿಲ್ಲಿಸಬೇಡಿ. ಸುಮ್ಮನೆ ಕೂತಿದ್ದಾಗಲೂ ಎದೆನೋವು ಬಿಡದೆ ಬೆವರು ಕಿತ್ತುಕೊಂಡರೆ, ಹಳೆಯ ರಿಪೋರ್ಟ್ ನೆಚ್ಚಿಕೊಂಡು ಕೂರದೆ ಕೂಡಲೇ 108ಕ್ಕೆ ಫೋನ್ ಮಾಡಿ.