ಮುದ್ರೆ ನೋಡಿ, ದಿನ ಎಣಿಸಿ

ಕಾಸರಗೋಡಿನ ಎಷ್ಟೋ ಮನೆಯವರು ದುಬೈಯಲ್ಲಿ ದುಡಿಯುತ್ತಾರೆ. ದುಬೈಯಿಂದ ಒಮಾನ್ ದೇಶಕ್ಕೆ ರಸ್ತೆಯಲ್ಲೇ ಹೋಗಬಹುದು. ದಾರಿಯಲ್ಲಿ ಹತ್ತಾ ಎಂಬ ಊರು. ಅಲ್ಲಿ ಗಡಿ.

ಗಡಿಯಲ್ಲಿ ಎರಡು ಕಚೇರಿ. ಮೊದಲನೆಯದು ಯುಎಇ ದೇಶದ್ದು. ನೀವು ಹೊರಟದ್ದನ್ನು ಅಲ್ಲಿ ದಾಖಲಿಸುತ್ತಾರೆ. ಎರಡನೆಯದು ಒಮಾನಿನದು. ನೀವು ಬಂದದ್ದನ್ನು ಅಲ್ಲಿ ದಾಖಲಿಸುತ್ತಾರೆ. ಎರಡೂ ಆಗಬೇಕು. ಹೊರಟ ದಾಖಲೆ ತಪ್ಪಿದರೆ ನೀವು ಲೆಕ್ಕದಲ್ಲಿ ಅಲ್ಲೇ ಇದ್ದ ಹಾಗೆ! ದಂಡ ಬೆಳೆಯುತ್ತಾ ಹೋಗಬಹುದು.

ಡ್ರೈವರ್ ಅವಸರ ಮಾಡಿಯಾರು. ನೀವು ಮಾಡಬೇಡಿ. ಕಿಟಕಿ ಬಿಡುವ ಮೊದಲೇ ಪಾಸ್‌ಪೋರ್ಟ್ ತೆರೆಯಿರಿ. ಮುದ್ರೆ ಬಿದ್ದಿದೆಯೇ? ತಾರೀಕು ಇವತ್ತಿನದೇ? ಮುದ್ರೆ ಇಲ್ಲದಿದ್ದರೆ, "ಕಂಪ್ಯೂಟರಿನಲ್ಲಿ ದಾಖಲಾಯಿತೇ?" ಎಂದು ಕೇಳಿ. ಕೇಳಲು ನಾಚಿಕೆ ಏಕೆ?

ಈಗ ದಿನ ಎಣಿಸೋಣ. ನಿಮ್ಮದು 30 ದಿನದ ವಿಸಿಟ್ ವೀಸಾ. ಮಾರ್ಚ್ 5ಕ್ಕೆ ಯುಎಇಗೆ ಬಂದಿರಿ. ಬಂದ ದಿನವನ್ನೂ ಸೇರಿಸಿ. ಮಾರ್ಚ್‌ನಲ್ಲಿ 27 ದಿನ, ಏಪ್ರಿಲ್‌ನಲ್ಲಿ 3 ದಿನ. ಏಪ್ರಿಲ್ 3ರ ಒಳಗೆ ಹೊರಡಿ. "ತಿಂಗಳು ಅಂದ್ರೆ ಏಪ್ರಿಲ್ 5 ಅಲ್ವಾ?" ಅಂದುಕೊಂಡರೆ ಎರಡು ದಿನ ತಪ್ಪಿತು. ಯುಎಇಯಲ್ಲಿ ದಿನಕ್ಕೆ 50 ದಿರ್ಹಂ ದಂಡ. ಹತ್ತು ದಿನಕ್ಕೆ 500. ಅದು ಮನೆಗೆ ಕಳಿಸಬೇಕಾದ ಹಣ.

ಅಂಕಿ ಓದಲು ನಿಮಗೆ ಈಗ ಬರುತ್ತದೆ. ನಿಮ್ಮ ತಾರೀಕನ್ನು ನೀವೇ ನೋಡಿಕೊಳ್ಳಿ.

ಅಭ್ಯಾಸ: ಜೂನ್ 10ಕ್ಕೆ ಬಂದವರ 30ನೇ ದಿನ ಯಾವುದು? ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
(ಉತ್ತರ: ಜುಲೈ 9)